ಸೋತ ಕೈ ಮೊದಲು: ಅಪ್ಪ–ಮಗನ ನಾಟಕ ಬರೆಯುವವರಿಗೆ

ಪ್ರಶ್ನೆ: ಮಲೆನಾಡಿನ ನಮ್ಮ ಹವ್ಯಾಸಿ ತಂಡಕ್ಕೆ ಒಂದೂಕಾಲು ಗಂಟೆಯ ನಾಟಕ ಬರೆದಿದ್ದೇನೆ. ಅಪ್ಪನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ, ಮಾತೂ ನಿಂತಿದೆ. ಬೆಂಗಳೂರಿನಿಂದ ಬಂದ ಮಗ ಅಡಿಕೆ ತೋಟ ಮಾರಿ, ಅಪ್ಪನನ್ನು ವೃದ್ಧಾಶ್ರಮಕ್ಕೆ ಸೇರಿಸಲು ನೋಡುತ್ತಾನೆ. ಕೊನೆಯಲ್ಲಿ ಬುದ್ಧಿ ಬಂದು ಅಪ್ಪನ ಕಾಲು ಹಿಡಿದು ಅಳುತ್ತಾನೆ. ಓದಿ ತೋರಿಸಿದಾಗ ಗೆಳೆಯರು, ‘ಅಪ್ಪ ಬರೀ ಅಳ್ತಾನೆ, ಮಗ ಬರೀ ಕೂಗ್ತಾನೆ’ ಎಂದರು. ಎಲ್ಲಿ ಎಡವಿದ್ದೇನೆ? ರಂಗದ ಮೇಲೆ ನಿಜವಾದ ವೀಲ್‌ಚೇರ್ ಬೇಕಾ? ಅಪ್ಪನ ಪಾತ್ರಧಾರಿಗೆ ಏನು ಹೇಳಿಕೊಡಲಿ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಆದರೆ ಅಳು, ಕೂಗು ಕಡಿಮೆ ಮಾಡಿದ ಮಾತ್ರಕ್ಕೆ ನಾಟಕ ಸರಿಹೋಗುವುದಿಲ್ಲ. ನಿಮ್ಮ ಅಪ್ಪನಿಗೆ ರಂಗದ ಮೇಲೆ ಮಾಡಲು ಕೆಲಸವೇ ಇಲ್ಲ. ಅವನಿಗೆ ಏನು ಬೇಕು ಅನ್ನುವುದು ಯಾರಿಗೂ ಗೊತ್ತಿಲ್ಲ, ಬರೆದ ನಿಮಗೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಮಂಚದ ಮೇಲೆ ಮಲಗಿ ಬೇರೆಯವರ ಮಾತಿಗೆ ಕಣ್ಣೀರು ಹಾಕುತ್ತಾನೆ, ಅಷ್ಟೇ. ಇನ್ನು ಜಗಳ ಶುರುವಾಗುವುದು ಲಕ್ವ ಹೊಡೆದ ದಿನ. ಅದಕ್ಕೆ ಮುಂಚಿನ ಮೂವತ್ತೈದು ವರ್ಷ ಇವರಿಬ್ಬರೂ ಏನು ಮಾಡುತ್ತಿದ್ದರು? ಕಾಯಿಲೆ ಹೊಸ ಜಗಳ ಹುಟ್ಟಿಸುವುದು ಅಪರೂಪ. ಹಳೇ ಜಗಳದಲ್ಲಿ ಯಾರು ನಿಂತಿದ್ದರು, ಯಾರು ಕೂತಿದ್ದರು ಅನ್ನುವುದನ್ನು ಅದಲುಬದಲು ಮಾಡುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು: ಮುಟ್ಟುವ ಕೆಲಸವನ್ನು ರಂಗದ ಮೇಲೆ ತನ್ನಿ.

ನಮ್ಮ ಮನೆಗಳಲ್ಲಿ ಅಪ್ಪ, ಮಗ ಒಬ್ಬರನ್ನೊಬ್ಬರು ಮುಟ್ಟುವುದು ಯಾವಾಗ ಹೇಳಿ? ಹುಡುಗನಿಗೆ ಹತ್ತು ದಾಟಿದ ಮೇಲೆ ಹೆಗಲೇರಿಸುವುದು ನಿಂತುಹೋಗುತ್ತದೆ. ಆಮೇಲೆ ಹಬ್ಬದ ದಿನ ಕಾಲು ಮುಟ್ಟಿ ನಮಸ್ಕಾರ, ಮುಗಿಯಿತು. ನಡುವೆ ಎರಡು ಏಟು ಬಿದ್ದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಂಥ ಇಬ್ಬರು ಗಂಡಸರು ಈಗ ದಿನಕ್ಕೆ ಹತ್ತಾರು ಸಲ ಮೈಗೆ ಮೈ ತಾಗಿಸಬೇಕು. ಗಡ್ಡ ಹೆರೆಯಬೇಕು, ಚಡ್ಡಿ ಬದಲಿಸಬೇಕು, ಕಕ್ಕಸಿಗೆ ಕೂರಿಸಬೇಕು, ರಾತ್ರಿ ಹೊರಳಿಸಬೇಕು. ಇದು ಇಬ್ಬರಿಗೂ ಮುಜುಗರ. ನಿಮ್ಮ ಹಸ್ತಪ್ರತಿಯಲ್ಲಿ ಇದೆಲ್ಲ ಎಲ್ಲಿ ಹೋಯಿತು? ‘ಬೆಳಗಿನ ಹೊತ್ತು. ಅಪ್ಪನ ಸ್ನಾನ ಮುಗಿದಿದೆ’ ಅಂತ ಬರೆದು ಎರಡನೇ ದೃಶ್ಯ ಶುರು ಮಾಡಿದ್ದೀರಿ. ನಾಟಕ ಆ ಬಚ್ಚಲುಮನೆಯಲ್ಲೇ ಉಳಿದುಹೋಯಿತು ನೋಡಿ.

ಬಚ್ಚಲನ್ನೇ ತೋರಿಸಬೇಕು ಅಂತಿಲ್ಲ. ಒಂದು ಶರ್ಟು ಸಾಕು. ಒಂದು ಕಡೆ ಬಿದ್ದವರಿಗೆ ಬಟ್ಟೆ ತೊಡಿಸಲು ಫಿಸಿಯೋಥೆರಪಿಯವರು ಒಂದು ಕ್ರಮ ಹೇಳಿಕೊಡುತ್ತಾರೆ. ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ಉಲ್ಟಾ ಮಾಡಿದರೆ ಬಟ್ಟೆ ಬೆನ್ನ ಮೇಲೆ ಬಿಗಿದು, ಸೋತ ಕೈ ತೋಳಿನೊಳಗೆ ಹೋಗುವುದೇ ಇಲ್ಲ. ಈಗ ಇದನ್ನು ನೋಡಿ:

ಮಗ ಶರ್ಟು ಬಿಡಿಸಿ ಹಿಡಿಯುತ್ತಾನೆ. ಅಪ್ಪ ಬಲಗೈ ಚಾಚುತ್ತಾನೆ. ಮಗ ಅದಕ್ಕೇ ತೋಳು ಏರಿಸುತ್ತಾನೆ. ಎಡಗೈ ಮೊಣಕೈಯಲ್ಲಿ ಮಡಿಚಿಕೊಂಡಿದೆ. ಎಳೆಯುತ್ತಾನೆ, ಬರುವುದಿಲ್ಲ.
ಅಪ್ಪ: ಫಿಸಿಯೋ ಹುಡುಗಿ ನಿಂಗೆ ತೋರ್ಸಿದ್ಲು.
ಮಗ: ಹ್ಞೂಂ.
ಅಪ್ಪ: ಫೋನ್ ನೋಡ್ತಿದ್ದೆ.
ಮಗ ತೋಳು ಬಿಚ್ಚುತ್ತಾನೆ. ಮತ್ತೆ ಅದೇ ಬಲಗೈ ಹಿಡಿಯುತ್ತಾನೆ.
ಅಪ್ಪ: ಮಾಡು, ಮಾಡು. ನಂಗೇನು ಅರ್ಜೆಂಟಿಲ್ಲ.
ಮಗ: ಗೊತ್ತಿದ್ರೆ ಬಾಯಿ ಬಿಟ್ಟು ಹೇಳಬಾರದಾ?
ಅಪ್ಪ: ಲೆಕ್ಕ ಹೇಳ್ಕೊಡುವಾಗ್ಲೂ ಹೀಗೇ ಕೇಳ್ತಿದ್ದೆ.
ಮಗ ಕೈಬಿಟ್ಟು ಹೊರಗೆ ಹೋಗುತ್ತಾನೆ. ಬೈಕ್ ಸ್ಟಾರ್ಟ್ ಆಗುವ ಸದ್ದು. ಅಪ್ಪ ಅರ್ಧ ಶರ್ಟಿನಲ್ಲಿ ಕೂತಿದ್ದಾನೆ.
ಅಪ್ಪ: ಸೋತ ಕೈ ಮೊದಲು.

ಯಾರೂ ಅಳಲಿಲ್ಲ, ಯಾರೂ ಕೂಗಲಿಲ್ಲ. ಅಪ್ಪ ಒಳ್ಳೆಯವನೂ ಅಲ್ಲ. ಬೇಕೆಂತಲೇ ತಪ್ಪು ಕೈ ಚಾಚಿದವನು ಅವನೇ. ಮಗನಿಗೆ ಕೋಣೆ ಬಿಟ್ಟು ಹೋಗುವ ಬಲ ಇದೆ. ಅಪ್ಪನಿಗೆ ಗೊತ್ತಿದ್ದೂ ಹೇಳದಿರುವ ಬಲ ಇದೆ. ಬಾಲ್ಯದ ಕಥೆ ಹೇಳುವ ಫ್ಲ್ಯಾಶ್‌ಬ್ಯಾಕ್ ದೃಶ್ಯವೊಂದನ್ನು ನೀವು ಬರೆದಿದ್ದೀರಲ್ಲ, ಅದನ್ನು ಧಾರಾಳವಾಗಿ ತೆಗೆಯಬಹುದು. ಆ ಲೆಕ್ಕದ ಒಂದು ಮಾತು ಅದರ ಕೆಲಸ ಮಾಡುತ್ತದೆ.

ಇಲ್ಲಿ ಅಪ್ಪನಿಗೆ ಮಾತು ವಾಪಸ್ ಕೊಟ್ಟಿದ್ದೇನೆ ಅಂತ ಗಮನಿಸಿರಬಹುದು. ಅದು ನನ್ನ ಅನುಕೂಲಕ್ಕೆ ಮಾಡಿದ್ದಲ್ಲ. ಎಡಭಾಗ ಬಿದ್ದಿದೆ ಅಂದರೆ ಪೆಟ್ಟಾಗಿರುವುದು ಮಿದುಳಿನ ಬಲಭಾಗಕ್ಕೆ. ಬಹುತೇಕ ಜನರಲ್ಲಿ ಭಾಷೆ ಇರುವುದು ಮಿದುಳಿನ ಎಡಭಾಗದಲ್ಲಿ. ಹಾಗಾಗಿ ಭಾಷೆಯೇ ಹೋಗುವುದು ಸಾಮಾನ್ಯವಾಗಿ ಬಲಗೈ, ಬಲಗಾಲು ಬಿದ್ದವರಿಗೆ. ಎಡಭಾಗ ಬಿದ್ದವರ ಮಾತು ತೊದಲಬಹುದು, ಬಾಯಿ ಒಂದು ಕಡೆ ಜೋಲಬಹುದು, ಆದರೆ ಪದಗಳು ಇರುತ್ತವೆ. ನೀವು ಎರಡು ಬೇರೆ ಕಾಯಿಲೆಗಳನ್ನು ಒಂದೇ ಮಂಚದಲ್ಲಿ ಮಲಗಿಸಿದ್ದೀರಿ. ಒಂದನ್ನು ಆರಿಸಿಕೊಳ್ಳಿ.

ಎಡಭಾಗವನ್ನೇ ಇಟ್ಟುಕೊಂಡರೆ ನಿಮಗೆ ಇನ್ನೊಂದು ವಿಚಿತ್ರ ಸಂಗತಿ ಸಿಗುತ್ತದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆ ಅನ್ನುವುದೇ ಲಕ್ಷ್ಯದಿಂದ ಜಾರಿಹೋಗುತ್ತದೆ. ಕಣ್ಣು ಚೆನ್ನಾಗಿಯೇ ಇರುತ್ತದೆ. ಆದರೂ ತಟ್ಟೆಯ ಬಲಗಡೆಯ ಅನ್ನ ತಿಂದು, ಎಡಗಡೆಯದು ಹಾಗೇ ಬಿಟ್ಟು, ‘ಊಟ ಇಷ್ಟೇನಾ?’ ಅನ್ನುತ್ತಾರೆ. ಎಡಗೆನ್ನೆಯ ಗಡ್ಡ ಬಿಟ್ಟು ಬಲಗೆನ್ನೆ ಮಾತ್ರ ಹೆರೆದುಕೊಳ್ಳುತ್ತಾರೆ. ಎಡಗಡೆಯಿಂದ ಬಂದು ನಿಂತವರು ಅವರ ಪಾಲಿಗೆ ಇಲ್ಲವೇ ಇಲ್ಲ. ನಿರ್ದೇಶಕನಿಗೆ ಇದಕ್ಕಿಂತ ಏನು ಬೇಕು? ಮಗ ಯಾವ ಕಡೆಯಿಂದ ಪ್ರವೇಶ ಮಾಡುತ್ತಾನೆ ಅನ್ನುವುದೇ ಒಂದು ಮಾತಾಗುತ್ತದೆ. ಕೋಪ ಬಂದ ದಿನ ಅವನು ಎಡಗಡೆ ಕುರ್ಚಿ ಹಾಕಿಕೊಂಡು ಕೂರಲಿ. ಅಪ್ಪ ನಿಜವಾಗಿ ಕಾಣುತ್ತಿಲ್ಲವೋ, ಕಂಡರೂ ಕಾಣದಂತಿದ್ದಾನೋ, ಮಗನಿಗೂ ಗೊತ್ತಾಗುವುದು ಬೇಡ.

ಅಪ್ಪನ ಬಲಗೈ, ಬಲಗಾಲು ಬಿದ್ದಿದೆ ಅಂತ ಆರಿಸಿಕೊಂಡರೂ ನಾಟಕಕ್ಕೆ ಬಡತನವಿಲ್ಲ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ವರ್ಣಿಸಿದ ರೋಗಿಗೆ ವರ್ಷಗಟ್ಟಲೆ ಬರುತ್ತಿದ್ದದ್ದು ‘ಟಾನ್’ ಅನ್ನುವ ಒಂದೇ ಸದ್ದು, ಸಿಟ್ಟು ನೆತ್ತಿಗೇರಿದಾಗ ಒಂದು ಬೈಗುಳ. ಇಂಥವರಿಗೆ ಬೇರೆಯವರ ಮಾತು ಬಹುಮಟ್ಟಿಗೆ ಅರ್ಥವಾಗುತ್ತದೆ, ತಾವು ಹೇಳಬೇಕಾದ ಪದ ಮಾತ್ರ ಸಿಗುವುದಿಲ್ಲ. ಆದರೆ ಬಾಯಿಪಾಠವಾದದ್ದು ಎಷ್ಟೋ ಸಲ ಉಳಿದಿರುತ್ತದೆ. ಎಣಿಕೆ, ವಾರದ ಹೆಸರು, ಪ್ರಾರ್ಥನೆ, ಹಾಡು. ಮಗನ ಹೆಸರು ಬಾಯಿಗೆ ಬಾರದ ಅಪ್ಪ ಎರಡರ ಮಗ್ಗಿಯನ್ನು ಸಲೀಸಾಗಿ ಒಪ್ಪಿಸಬಹುದು. ‘ಆ್ಯ... ಆ್ಯ...’ ಅಂತ ಒಂದೂಕಾಲು ಗಂಟೆ ನರಳುವ ಅಪ್ಪನಿಗಿಂತ ಇವನು ಜಾಸ್ತಿ ನಿಜ. ನೋಡುವವರಿಗೆ ಜಾಸ್ತಿ ಕಷ್ಟವೂ ಹೌದು.

ಅಳುವಿನ ವಿಷಯ. ಪಾರ್ಶ್ವವಾಯು ಆದ ಕೆಲವರಿಗೆ ಅಳು, ನಗು ಎರಡರ ಮೇಲೂ ಹಿಡಿತ ತಪ್ಪುತ್ತದೆ. ಟಿವಿಯಲ್ಲಿ ಸೋಪಿನ ಜಾಹೀರಾತು ಬಂದರೆ ಬಿಕ್ಕಳಿಸುತ್ತಾರೆ. ಸಾವಿನ ಸುದ್ದಿಗೆ ನಗು ಉಕ್ಕುತ್ತದೆ, ನಿಲ್ಲಿಸಲಾಗದೆ ತಾವೇ ಒದ್ದಾಡುತ್ತಾರೆ. ಒಳಗಿನ ದುಃಖಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಅದರ ಜೊತೆಗೆ ನಿಜವಾದ ಖಿನ್ನತೆಯೂ ಈ ಕಾಯಿಲೆಯವರಲ್ಲಿ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ಹೀಗಿರುವಾಗ ಅಪ್ಪ ಅಳಲೇಬೇಕು ಅಂದರೆ ಮೊದಲ ದೃಶ್ಯದಲ್ಲೇ, ಏನೂ ಇಲ್ಲದ್ದಕ್ಕೆ ಅಳಿಸಿ. ‘ಅದು ಕಾಯಿಲೆ, ತಲೆ ಕೆಡಿಸ್ಕೋಬೇಡ’ ಅಂತ ಯಾರಾದರೂ ಮಗನಿಗೆ ಹೇಳಲಿ. ಮಗ ಅದನ್ನು ನಂಬಿ ನಿರಾಳವಾಗಲಿ. ಐದನೇ ದೃಶ್ಯದಲ್ಲಿ ತೋಟದ ಮಾತು ಬಂದಾಗ ಅಪ್ಪ ಮತ್ತೆ ಅತ್ತರೆ ಅದು ಯಾವ ಅಳು? ಪ್ರೇಕ್ಷಕರು ಮಗನ ಮುಖ ನೋಡುತ್ತಾರೆ. ಕೊಳಲು, ಪಿಟೀಲು ಹಿನ್ನೆಲೆಗೆ ಹಾಕಿದಿರೋ ಅಷ್ಟೂ ಹಾಳು.

ಈ ಕಥೆ ನಮಗೆ ಹೊಸದೇನಲ್ಲ. ಹಸ್ತಿನಾವತಿಯಲ್ಲೇ ಇದೆ. ಕಣ್ಣಿಲ್ಲವೆಂದು ಧೃತರಾಷ್ಟ್ರನಿಗೆ ಪಟ್ಟ ತಪ್ಪಿ ಪಾಂಡುವಿಗೆ ಹೋಯಿತು. ಅರಗಿನ ಮನೆಯ ಸಂಚಿಗೆ ಮುಂಚೆ ದುರ್ಯೋಧನ ಅಪ್ಪನ ಮುಂದೆ ಕೂತು ಇದನ್ನೇ ತೆಗೆಯುತ್ತಾನೆ: ನಿನ್ನ ಕೊರತೆಯಿಂದ ರಾಜ್ಯ ಅವರ ಕಡೆ ಹೋಯಿತು, ಇನ್ನು ನಾವೂ ನಮ್ಮ ಮಕ್ಕಳೂ ಅವರ ಅನ್ನ ತಿಂದುಕೊಂಡಿರಬೇಕಾ? ಅಪ್ಪನಿಗೆ ತನಗೇ ಇದ್ದ ನೋವನ್ನು ಮಗ ಅಪ್ಪನ ಮೇಲೇ ಬಳಸುತ್ತಾನೆ. ಅಪ್ಪ ಕರಗುತ್ತಾನೆ. ಅದು ಮಮತೆಯೋ, ತನ್ನದೇ ಹಳೇ ಆಸೆಯೋ ಅಂತ ಬಿಡಿಸಲಾಗದು. 10ನೇ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿ ಅದೇ ಅಪ್ಪ, ಅಮ್ಮನ ಜೊತೆ ಹೆಣಗಳು ಬಿದ್ದ ರಣರಂಗಕ್ಕೇ ಬಂದು, ಸಂಧಿ ಮಾಡಿಕೋ ಅಂತ ಮಗನನ್ನು ಬೇಡುತ್ತಾನೆ. ಮಗ ಒಪ್ಪುವುದಿಲ್ಲ. ಯುದ್ಧ ಮುಗಿದ ಮೇಲೆ ಇನ್ನೊಂದು ಪ್ರಸಂಗ. ಮಗನನ್ನು ಕೊಂದ ಭೀಮನನ್ನು ತಬ್ಬಿಕೊಳ್ಳಲು ಧೃತರಾಷ್ಟ್ರ ತೋಳು ಚಾಚುತ್ತಾನೆ, ಕೃಷ್ಣ ಕಬ್ಬಿಣದ ಬೊಂಬೆ ಮುಂದೆ ತಳ್ಳುತ್ತಾನೆ, ಮುದುಕ ಅದನ್ನು ನುಚ್ಚುನೂರು ಮಾಡುತ್ತಾನೆ. ಕಣ್ಣಿಲ್ಲದವನು ಅಂದಮಾತ್ರಕ್ಕೆ ಕೈಲಾಗದವನಲ್ಲ. ಯಕ್ಷಗಾನದ ಮೇಳದವರನ್ನು ಕೇಳಿ, ಧೃತರಾಷ್ಟ್ರನನ್ನು ಬರೀ ಪಾಪದವನನ್ನಾಗಿ ಮಾಡಿದರೆ ಪ್ರಸಂಗ ಏಳುವುದಿಲ್ಲ ಅನ್ನುತ್ತಾರೆ.

ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಕೂಡ ಕುರುಡ ಈಡಿಪಸ್‌ನ ಮುಂದೆ ಬೆಂಬಲ ಕೇಳಿಕೊಂಡು ಮಗನನ್ನು ತಂದು ನಿಲ್ಲಿಸುತ್ತಾನೆ. ಅಪ್ಪ ಕೊಡುವುದು ಶಾಪ. ಇಂಗ್ಲೆಂಡಿನ ಜಾನ್ ಮಾರ್ಟಿಮರ್, ವಕೀಲನಾಗಿದ್ದ ತನ್ನ ಕುರುಡ ತಂದೆಯ ಬಗ್ಗೆ ಬರೆದ ‘ಎ ವಾಯೇಜ್ ರೌಂಡ್ ಮೈ ಫಾದರ್’ ನಾಟಕ ಇನ್ನೊಂದು ದಿಕ್ಕಿನದು. ಆ ಮನೆಯಲ್ಲಿ ಕುರುಡಿನ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ನಟ ಲಾರೆನ್ಸ್ ಒಲಿವಿಯೆ ಅಪ್ಪನ ಪಾತ್ರ ಮಾಡಿದ ಅದು 1982ರಲ್ಲಿ ಟಿವಿಗೆ ಬಂದಿತ್ತು, ಸಿಕ್ಕಿದರೆ ನೋಡಿ.

ನಿಮ್ಮ ಅಪ್ಪನಿಗೆ ಬಲ ಎಲ್ಲಿಂದ ತರುವುದು? ನೀವೇ ಬರೆದಿಟ್ಟು ಮರೆತಿದ್ದೀರಿ. ತೋಟ ಅವನ ಹೆಸರಿನಲ್ಲಿದೆ. ಬಿದ್ದಿರುವುದು ಎಡಗೈ. ಅಂದರೆ ಸಹಿ ಹಾಕುವ ಕೈ ಗಟ್ಟಿಯಾಗಿಯೇ ಇದೆ! ಮಗ ಕೂಗಾಡಬೇಕಾಗಿಲ್ಲ, ಆ ಕೈಗೆ ಕಾದು ಕೂರಬೇಕು. ನೋಡಿಕೊಳ್ಳುವ ಷರತ್ತಿನ ಮೇಲೆ ಮಗನಿಗೆ ಮೊದಲೇ ದಾನಪತ್ರ ಮಾಡಿಕೊಟ್ಟಿದ್ದ ಅಂತ ಇಟ್ಟುಕೊಂಡರೂ, ಮಗ ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ದಾರಿ ಇದೆ. ಅಪ್ಪ ಅದನ್ನು ಬಳಸದಿದ್ದರೂ ಚಿಂತೆಯಿಲ್ಲ. ಪೇಪರಿನಲ್ಲಿ ಬಂದ ಅಂಥದ್ದೊಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿಕೊಂಡರೆ ಸಾಕು. ಓದುವವನು ಮಗನೇ ಆಗಿರಲಿ.

ಇನ್ನು ನಾನು ಖಂಡಿತ ಕೇಳುವ ಪ್ರಶ್ನೆ: ಮನೆಯ ಹೆಂಗಸರು ಎಲ್ಲಿ? ನಮ್ಮಲ್ಲಿ ಗಂಡಸಿಗೆ ಕಾಯಿಲೆಯಾದರೆ ಆರೈಕೆ ಬೀಳುವುದು ಹೆಂಡತಿ, ಸೊಸೆ, ಮಗಳ ಮೇಲೆ. ಮಗ ಆಸ್ಪತ್ರೆಯ ಬಿಲ್ಲು ಕಟ್ಟಿ, ಹಾಲ್‌ನಲ್ಲಿ ಕೂತು ‘ಹೇಗಿದ್ದಾರೆ?’ ಅಂತ ಕೇಳುತ್ತಾನೆ. ನಿಮ್ಮ ನಾಟಕದಲ್ಲಿ ಅಮ್ಮ ಸತ್ತಿದ್ದಾಳೆ, ಹೆಂಡತಿಯ ಸುದ್ದಿಯಿಲ್ಲ. ಲೇಖಕರು ಕಷ್ಟ ತಪ್ಪಿಸಿಕೊಳ್ಳಲು ಅಮ್ಮಂದಿರನ್ನು ಕೊಲ್ಲುವುದು ಹಳೇ ಚಾಳಿ. ನನ್ನ ಸಲಹೆ, ಅಮ್ಮನನ್ನು ಬದುಕಿಸಿ. ಮಗಳ ಬಾಣಂತನಕ್ಕೆ ಮೂರು ತಿಂಗಳು ಊರುಬಿಟ್ಟು ಹೋಗಲಿ. ಎರಡು ವರ್ಷ ಒಬ್ಬಳೇ ಮಾಡಿದ ಕೆಲಸವನ್ನು ಈಗ ಮಗ ಮಾಡಬೇಕು, ವರ್ಕ್ ಫ್ರಮ್ ಹೋಮ್ ಹಾಕಿಸಿಕೊಂಡು. ಇದರಿಂದ ನಾಟಕಕ್ಕೆ ಒಂದು ಗಡುವು ಬರುತ್ತದೆ. ಅಮ್ಮ ಫೋನಿನಲ್ಲಿ ಮಾತ್ರ ಬರಲಿ, ‘ಪಂಚೆ ಉಡ್ಸು, ಆ ಎಲಾಸ್ಟಿಕ್ ಪ್ಯಾಂಟ್ ಅವ್ರಿಗೆ ಆಗಲ್ಲ’ ಅನ್ನಲಿ. ಒಂದೇ ಕೈಯಲ್ಲಿ ಪಂಚೆ ಉಟ್ಟುಕೊಳ್ಳಲಾಗುವುದಿಲ್ಲ. ಜೀವಮಾನವಿಡೀ ಪಂಚೆಯಲ್ಲಿ ತೋಟ ಸುತ್ತಿದವನಿಗೆ ಎಲಾಸ್ಟಿಕ್ ಪೈಜಾಮ ತೊಡಿಸಿದ್ದಾರೆ. ಅವನ ಸಿಟ್ಟಿಗೆ ನೀವು ಹುಡುಕುತ್ತಿದ್ದ ಕಾರಣ ಇಲ್ಲಿದೆ.

ಒಂದು ದೃಶ್ಯ ನಿಮಗೆ ಉಡುಗೊರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಹೆಚ್ಚಿನ ಸೌಲಭ್ಯ ಬೇಕಿದ್ದರೆ ಕನಿಷ್ಠ 40 ಪರ್ಸೆಂಟ್ ಇದೆ ಅಂತ ಪ್ರಮಾಣಪತ್ರ ಬೇಕು. ಅದಕ್ಕೆ ವೈದ್ಯರ ಮುಂದೆ ಕೂತು ಕೈ ಎಷ್ಟು ಏಳುತ್ತದೆ, ಬೆರಳು ಎಷ್ಟು ಮಡಚುತ್ತದೆ ಅಂತ ತೋರಿಸಬೇಕು. ಪಿಯುಸಿಯಲ್ಲಿ 58 ಪರ್ಸೆಂಟ್ ತೆಗೆದ ಮಗನನ್ನು ಊರೆದುರು ಹೀಯಾಳಿಸಿದ ಅಪ್ಪ ಈಗ ತನ್ನ ಪರ್ಸೆಂಟಿಗೆ ಕಾಯುತ್ತಿದ್ದಾನೆ. ಅಷ್ಟೇ ಅಲ್ಲ, ಅಪ್ಪ ಅಲ್ಲಿ ತನ್ನ ಹಟಕ್ಕೆ ಕೈಯನ್ನು ಆದಷ್ಟೂ ಚೆನ್ನಾಗಿ ಎತ್ತಿ ತೋರಿಸುತ್ತಾನೆ. ಪರ್ಸೆಂಟ್ ಕಡಿಮೆ ಬಂದರೆ ಸೌಲಭ್ಯ ಸಿಗದು ಅಂತ ಮಗ ಪಕ್ಕದಲ್ಲಿ ಪಿಸುಗುಟ್ಟುತ್ತಾನೆ. ಬರೆದು ನೋಡಿ, ಜನ ನಗುತ್ತಾರೆ. ನಗಿಸದೆ ಈ ನಾಟಕ ಗೆಲ್ಲುವುದು ಕಷ್ಟ.

ವೀಲ್‌ಚೇರ್ ಕೇಳಿದ್ದೀರಿ. ಬೇಕು, ಆದರೆ ಅದಕ್ಕಿಂತ ಮೊದಲು ಒಂದು ಹೊಸ್ತಿಲು ಬೇಕು. ಹಳೇ ಮನೆಯ ಎತ್ತರದ ಹೊಸ್ತಿಲನ್ನು ರಂಗಸಜ್ಜಿಕೆಯಲ್ಲಿ ಕಟ್ಟಿಸಿ. ಅಮ್ಮ ದಿನಾ ಅರಿಸಿನ ಕುಂಕುಮ ಹಚ್ಚುತ್ತಿದ್ದ ಆ ಮರದ ಪಟ್ಟಿ ಈಗ ಅಪ್ಪನ ಪಾಲಿಗೆ ಬೇಲಿ. ದಾಟಿಸಬೇಕಾದರೆ ಮಗ ಕುರ್ಚಿಯನ್ನು ಹಿಂದಕ್ಕೆ ಓರೆ ಮಾಡಿ, ಮುಂದಿನ ಸಣ್ಣ ಚಕ್ರ ದಾಟಿಸಿ, ಆಮೇಲೆ ದೊಡ್ಡ ಚಕ್ರ ಎತ್ತಿ ತಳ್ಳಬೇಕು. ಇಳಿಸುವಾಗ ಹಿಮ್ಮುಖವಾಗಿ. ಹಿಂದಕ್ಕೆ ವಾಲಿದ ಆ ಒಂದು ಕ್ಷಣ ಅಪ್ಪ ಪೂರ್ತಿ ಮಗನ ಕೈಯಲ್ಲಿ. ಮೊದಲ ಸಲ ಅವನು ಚೌಕಟ್ಟು ಹಿಡಿದುಕೊಂಡು ಬಿಡದಿರಲಿ.

ಮಂಚದಿಂದ ಕುರ್ಚಿಗೆ ಎತ್ತುವುದನ್ನು ಫಿಸಿಯೋ ಒಬ್ಬರನ್ನು ತಾಲೀಮಿಗೆ ಕರೆಸಿ ಕಲಿಯಿರಿ. ಸೋತ ಕೈ ಹಿಡಿದು ಎಳೆಯಬಾರದು, ಕಂಕುಳಿಗೆ ಕೈಹಾಕಿ ಎತ್ತಲೂಬಾರದು, ಭುಜದ ಕೀಲು ಜಾರಬಹುದು. ಕುರ್ಚಿಯನ್ನು ಗಟ್ಟಿ ಭಾಗದ ಕಡೆ ಇಡಬೇಕು. ಎತ್ತುವವನು ಎದುರು ನಿಂತು, ಅಪ್ಪನ ಸೋತ ಮೊಣಕಾಲಿಗೆ ತನ್ನ ಮೊಣಕಾಲು ಆನಿಸಿ, ಸೊಂಟದ ಸುತ್ತ ಹಿಡಿದು, ಒಂದು ಎರಡು ಮೂರು ಎಣಿಸಿ ಒಟ್ಟಿಗೆ ಏಳಬೇಕು. ಹೊರಗಿನಿಂದ ನೋಡಿದವರಿಗೆ ಅದು ಅಪ್ಪುಗೆಯಂತೆಯೇ ಕಾಣುತ್ತದೆ. ಎಂದೂ ತಬ್ಬಿಕೊಳ್ಳದ ಇಬ್ಬರು ದಿನಕ್ಕೆ ಆರು ಸಲ, ಬೈದುಕೊಳ್ಳುತ್ತಲೇ, ಹಾಗೆ ನಿಲ್ಲುತ್ತಾರೆ. ಅದರ ಮೇಲೆ ಬೆಳಕು ಹೆಚ್ಚಿಸಲು ಹೋಗಬೇಡಿ.

ಪಾತ್ರಧಾರಿಗೆ ಹೇಳಬೇಕಾದದ್ದು ಸ್ವಲ್ಪವೇ. ಅಂಗವೈಕಲ್ಯ ಇರುವ ನಟರು ನಿಮ್ಮ ಸುತ್ತ ಇದ್ದರೆ ಮೊದಲು ಅವರನ್ನು ಕೇಳಿ. ಅವರ ದೇಹಕ್ಕೆ ತಕ್ಕ ಹಾಗೆ ಕಾಯಿಲೆಯನ್ನೇ ಬದಲಿಸಬಹುದು, ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನು ಅಂತ ಬರೆದರೆ ಅಡಿಕೆ ತೋಟಕ್ಕೂ ಹೊಂದುತ್ತದೆ. ಸಿಗದಿದ್ದರೆ ನಿಮ್ಮ ನಟ ಸೊಟ್ಟ ಬಾಯಿ, ನಡುಗುವ ಕೈ ಅಭ್ಯಾಸ ಮಾಡುವುದು ಬೇಡ. ಕಾಯಿಲೆಯವರು ಇಡೀ ದಿನ ಪ್ರಯತ್ನಪಡುವುದು ಅದು ಕಾಣದಂತೆ ಮಾಡಲು. ಸೋತ ಕೈಯನ್ನು ಗಟ್ಟಿ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟು, ಶಾಲು ಮುಚ್ಚಿ, ಏನೂ ಆಗಿಲ್ಲದವರ ಹಾಗೆ ಕೂರುತ್ತಾರೆ. ನಟ ಆ ಪ್ರಯತ್ನ ಮಾಡಲಿ.

ಕೊನೆಯ ದೃಶ್ಯದ ಕಾಲು ಹಿಡಿಯುವುದನ್ನು ತೆಗೆಯಿರಿ. ಮಗನಿಗೆ ಬುದ್ಧಿ ಬರುವುದು ನಿಮಗೆ ಬೇಕು, ಅವನಿಗೆ ಬೇಕಾಗಿಲ್ಲ. ವೃದ್ಧಾಶ್ರಮವೂ ಪಾಪದ ಕೂಪವೇನಲ್ಲ. ಒಳ್ಳೇ ಆರೈಕೆ ಸಿಗುವುದಾದರೆ ಅಪ್ಪನೇ ಅದನ್ನು ಆರಿಸಿಕೊಳ್ಳಬಹುದು, ಆಗ ಪೆಟ್ಟು ಬೀಳುವುದು ಮಗನಿಗೆ. ಅಮ್ಮ ವಾಪಸ್ ಬಂದ ದಿನಕ್ಕೆ ಮುಗಿಸಿ. ಅವಳು ಅಭ್ಯಾಸಬಲದಿಂದ ಶರ್ಟು ಎತ್ತಿಕೊಳ್ಳುತ್ತಾಳೆ, ಅಪ್ಪ ಯಾರ ಕಡೆ ಕೈ ಚಾಚುತ್ತಾನೆ, ಯಾವ ಕೈ ಚಾಚುತ್ತಾನೆ ಅನ್ನುವುದನ್ನು ನೀವು ತೀರ್ಮಾನ ಮಾಡಿ. ತೋಟ ಮಾರಾಟವಾಯಿತೋ ಇಲ್ಲವೋ ಹೇಳದಿದ್ದರೂ ನಡೆಯುತ್ತದೆ.

ಪ್ರದರ್ಶನದ ಬಗ್ಗೆ ಒಂದು ಮಾತು. ಇಳಿಜಾರು ಹಾದಿಗೆ ಎತ್ತರದ 12 ಪಟ್ಟು ಉದ್ದ ಬೇಕು ಅನ್ನುವುದು ನಿಯಮ. ಮೂರಡಿ ಎತ್ತರದ ರಂಗಕ್ಕೆ ಕುರ್ಚಿ ಹತ್ತಿಸಬೇಕಾದರೆ 36 ಅಡಿ. ಅಷ್ಟು ಜಾಗ ಎಷ್ಟೋ ಕಡೆ ಇರುವುದಿಲ್ಲ. ಹಾಗಾಗಿ ಸಾಧ್ಯವಾದರೆ ಶಾಲೆಯ ಅಂಗಳದಲ್ಲಿ ನೆಲದ ಮೇಲೆಯೇ ಆಡಿ, ಮೊದಲ ಸಾಲಿನಲ್ಲಿ ಎರಡು ಮೂರು ಕುರ್ಚಿ ತೆಗೆದು ವೀಲ್‌ಚೇರ್‌ನಲ್ಲಿ ಬರುವವರಿಗೆ ಜಾಗ ಬಿಡಿ. ಮತ್ತೆ ತಾಲೀಮು ಶುರುವಾಗುವ ಮುಂಚೆ ಹಸ್ತಪ್ರತಿಯನ್ನು ಒಂದು ಸಲ ಕೈಗಳಿಗೋಸ್ಕರವೇ ಓದಿ. ಮೂರನೇ ದೃಶ್ಯದಲ್ಲಿ ಬಿದ್ದಿರುವ ಎಡಗೈ ಆರನೇ ದೃಶ್ಯದಲ್ಲಿ ಕಾಫಿ ಲೋಟ ಎತ್ತುತ್ತಿದೆ.